ಗಟಾರ ಸೇರಿದ ಕಡಲಪಾಚಿ ಗೊಬ್ಬರ

ಕೇಳಿ ಮಾರಾಯ್ರೆ, ಪಕ್ಕದ ಮನೆಯ ನಿವೃತ್ತ ಅಧಿಕಾರಿಗಳು ಇವತ್ತು ನನ್ನ ಡ್ರಮ್ಮು ಮಗುಚಿದರು. ಮಲ್ಲಿಗೆ ಗಿಡಗಳಿಗೆಂದು ಕಡಲಪಾಚಿ ತಂದು, ಉಪ್ಪು ಹೋಗುವಂತೆ ತೊಳೆದು, ತಿಂಗಳಿಡೀ ನೀರಲ್ಲಿ ಕೊಳೆಸಿದ್ದ ಗೊಬ್ಬರ ಅದು. ಮುಚ್ಚಳ ಬಿಗಿಯಾಗಿತ್ತು, ವಾಸನೆ ಅವರೊಬ್ಬರ ಮೂಗಿಗೆ ಬಿಟ್ಟು ಬೇರೆ ಯಾರಿಗೂ ಬಂದಿರಲಿಲ್ಲ. ಮಧ್ಯಾಹ್ನ ಕುಮಟಾದಿಂದ ಅವರ ಬೀಗರು ಊಟಕ್ಕೆ ಬರುವವರಿದ್ದರು. ನಾನು ಭಟ್ಕಳ ಪೇಟೆಗೆ ಹೋದದ್ದೇ ತಡ, ಮಹಾನುಭಾವರು ನನ್ನ ಹಿತ್ತಲಿಗೆ ನುಗ್ಗಿ ಅಷ್ಟನ್ನೂ ಗಟಾರಕ್ಕೆ ಸುರಿದಿದ್ದಾರೆ. ಗಟಾರ ಇರುವುದು ಅವರದೇ ಗೇಟಿನ ಮುಂದೆ!

ನಾನು ಮರಳುವಾಗ ಬೀಗರು ಮೂಗು ಮುಚ್ಚಿಕೊಂಡು ಕಾರು ಹತ್ತುತ್ತಿದ್ದರು.

“ಎಂತ ಮಾರಾಯ್ತಿ, ನಿನ್ನ ಈ ಹೊಲಸು ವಾಸನೆಗೆ ಅವರು ಊಟವನ್ನೇ ಮಾಡ್ಲಿಲ್ಲ!” ಎಂದು ಸಾಹೇಬರು ನನ್ನ ಮೇಲೇ ಎಗರಿದರು.

“ಡ್ರಮ್ಮಲ್ಲಿದ್ದಾಗ ನಂದು. ಗಟಾರಕ್ಕೆ ಹೊಯ್ದ ಮೇಲೆ ನಿಮ್ದು,” ಎಂದೆ.

“ಈಗ ಎಂತ ಮಾಡೂದು?”

“ನೀರು ಹೊಯ್ರಿ.”

ಈಗ ಸಂಜೆ. ಹೆಂಡತಿಯ ಬೈಗುಳ ಕೇಳುತ್ತ ಸಾಹೇಬರು ಕೊಡಗಟ್ಟಲೆ ನೀರು ಹೊಯ್ಯುತ್ತಿದ್ದಾರೆ. ಈ ಗೊಬ್ಬರವನ್ನು ಗಿಡಕ್ಕೆ ಹಾಕುವ ಮೊದಲು ಹೀಗೇ ನೀರು ಬೆರೆಸಬೇಕು. ಗಟಾರ ಹೋಗಿ ನಿಲ್ಲುವುದು ನನ್ನ ತೆಂಗಿನ ಬುಡದಲ್ಲಿ. ಇಷ್ಟು ಮೈಮುರಿದು ದುಡಿದದ್ದು ಅವರ ಇಡೀ ಸರ್ವಿಸ್ಸಿನಲ್ಲೇ ಮೊದಲ ಸಲ ಇರಬೇಕು.