ಊಟದ ಮೇಜಿನ ಮೇಲಿನ ಶ್ರೀನಿವಾಸಪುರ

ಮದರಾಸಿನ ಕೀಲ್ಪಾಕಿನಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ವರ್ಷ ಯಾರೂ ಊಟ ಮಾಡಲಿಲ್ಲ. ಅದರ ಮೇಲೆ ನಾನು ರಟ್ಟು, ಅಂಟು ಹಿಡಿದು ಶ್ರೀನಿವಾಸಪುರದ ಹಳೆಯ ರೈಲು ನಿಲ್ದಾಣವನ್ನು ಕಟ್ಟುತ್ತಿದ್ದೆ. ನಾನೂ ನನ್ನ ಹೆಂಡತಿಯೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಜಾಗ ಸಿಗದ ಪ್ರಯಾಣಿಕರಂತೆ ಉಣ್ಣುತ್ತಿದ್ದೆವು. “ಚುಮ್ಮಾ, ಸುಮ್‌ಸುಮ್ನೆ ಆ ಹುಣಸೇಮರಾನ ಎಷ್ಟು ಸಲ ಕಿತ್ತು ಅಂಟಿಸ್ತೀರಿ? ರಸಂ ಆರ್ತಾ ಇದೆ” ಎಂದು ಅವಳು ಗೊಣಗುವುದೂ, ನಾನು ಸ್ಟೇಷನ್ ಮಾಸ್ತರರ ಗಾಂಭೀರ್ಯದಿಂದ ಅದನ್ನು ಕೇಳಿಸಿಕೊಳ್ಳದಿರುವುದೂ ನಿತ್ಯವಿಧಿಯಾಗಿತ್ತು.

ನಕ್ಷೆ ಬರೆದು ಬದುಕಿದವನಿಗೆ ನಿವೃತ್ತಿಯಲ್ಲಿ ಹಿಡಿಯುವ ಹುಚ್ಚೂ ಅಳತೆಪಟ್ಟಿಯ ಸಮೇತವೇ ಬರುತ್ತದೆ, ಓದುಗ ಮಿತ್ರರೇ. ಆದರೆ ಈ ಹುಚ್ಚಿಗೆ ಕಾರಣ ಇಲ್ಲೇ ಪೋರೂರಿನಲ್ಲಿರುವ ನನ್ನ ಅಕ್ಕ. ಅವಳ ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳಿ ಬಾರದು ಎಂದು ಡಾಕ್ಟರು ಹೇಳಿದ ದಿನ ಅವಳು, “ತಾತನ ಊರಿನ ಸ್ಟೇಷನ್ ಇನ್ನೊಂದ್ಸಲ ನೋಡ್ಬೇಕು ಕಣೋ” ಅಂದಳು. ಆ ನಿಲ್ದಾಣ ಈಗ ಎಲ್ಲಿದೆ? ಬೇಸಿಗೆ ರಜೆಯಲ್ಲಿ ಅಮ್ಮ ನಮ್ಮಿಬ್ಬರನ್ನು ಮದರಾಸಿನಿಂದ ದೊಡ್ಡ ರೈಲಿನಲ್ಲಿ ಬಂಗಾರಪೇಟೆಗೆ ಕರೆದೊಯ್ದು ಹತ್ತಿಸುತ್ತಿದ್ದ, ಎರಡೂವರೆ ಅಡಿ ಅಗಲದ ಹಳಿಯ ಆ ಪುಟ್ಟ ರೈಲೇ ಕಾಲಗರ್ಭ ಸೇರಿದೆ. ಏರು ಬಂದರೆ ಗಂಡಸರು ಇಳಿದು, ಬೀಡಿ ಹಚ್ಚಿ, ಪಕ್ಕದಲ್ಲೇ ನಡೆದು ಮತ್ತೆ ಹತ್ತುತ್ತಿದ್ದಂಥ ವಿನಯಶೀಲ ವಾಹನ ಅದು.

ಹಾಗಾಗಿ ಕಟ್ಟತೊಡಗಿದೆ. ಶುಕ್ರವಾರದ ಪಲ್ಲಾವರಂ ಸಂತೆಯಲ್ಲಿ ರೈಲಿಗೆಂದು ಹಳೆಯ ಗಡಿಯಾರದ ಚಕ್ರಗಳನ್ನು ಹೆಕ್ಕಿ ತಂದೆ. ಹೆಂಚಿನ ಕೆಂಪು ಒಪ್ಪದೆ ನಾಲ್ಕು ಬಾರಿ ಬಳಿದೆ. “ಆಯ್ತೇನೋ?” ಎಂದು ಅಕ್ಕ ಪ್ರತಿ ತಿಂಗಳೂ ಕೇಳುತ್ತಿದ್ದಳು. “ಇನ್ನು ಸ್ವಲ್ಪ” ಎನ್ನುತ್ತಿದ್ದೆ. ಕೊನೆಗೆ ಕರೆದಾಗ ಅವಳಿಗೆ ಕಾಣುತ್ತಿದ್ದದ್ದು ಬರೀ ನೆರಳು. ನನ್ನ ಹೆಂಚಿನ ಬಣ್ಣಕ್ಕಾಗಿ ಅವಳ ಕಣ್ಣು ಕಾದಿರಲಿಲ್ಲ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಅಕ್ಕ ಮೇಜಿನ ಮೇಲೆ ಬೆರಳಾಡಿಸಿದಳು. ಹುಣಸೇಮರ, ನೀರಿನ ತೊಟ್ಟಿ, ಮಾವಿನಕಾಯಿಯ ಬುಟ್ಟಿ ಎಲ್ಲಕ್ಕೂ ತಲೆದೂಗಿದವಳು ರೈಲಿನ ಬಾಗಿಲ ಬಳಿ ತಡೆದು ನಿಂತಳು.

“ಏನೋ ಇದು, ಪ್ಲಾಟ್‌ಫಾರಂ ಬಾಗಿಲ ಸಮಕ್ಕೆ ಬಂದಿದೆ! ಇದು ತಾಂಬರಂ ಕಣೋ, ನಮ್ಮೂರಲ್ಲ. ಇಷ್ಟು ಎತ್ತರ ಇದ್ರೆ ತಾತ ಯಾಕೆ ಬೇಕು?”

ಹೌದಲ್ಲ! ಮೂವತ್ತು ವರ್ಷ ಇಲ್ಲಿಯ ಎಲೆಕ್ಟ್ರಿಕ್ ರೈಲಿನಲ್ಲಿ ಆಫೀಸಿಗೆ ಹೋದ ನನ್ನ ಕೈ, ಪ್ಲಾಟ್‌ಫಾರಂ ಎಂದೊಡನೆ ಮದರಾಸಿನ ಎತ್ತರವನ್ನೇ ಕಟ್ಟಿಬಿಟ್ಟಿತ್ತು. ಅಲ್ಲಿ ಇದ್ದದ್ದು ಹಳಿಯ ಮಟ್ಟದ ಬರಿಯ ಮಣ್ಣುನೆಲ. ಕೊನೆಯ ಮೆಟ್ಟಿಲಿನಿಂದ ನೆಲಕ್ಕೆ ನಮ್ಮ ಕಾಲು ಎಟುಕುತ್ತಿರಲಿಲ್ಲ. ತಾತ ಕೆಳಗೆ ನಿಂತು ಎರಡೂ ಕೈ ಚಾಚುತ್ತಿದ್ದರು. ಮೊದಲು ಅಕ್ಕ, ಆಮೇಲೆ ನಾನು. ನನ್ನ ನಿಲ್ದಾಣದಲ್ಲಿ ಅವರು ತಂತಿಯ ಗೊಂಬೆಯಾಗಿ, ಕೊಡೆ ಹಿಡಿದು, ಮಾಡಲು ಕೆಲಸವಿಲ್ಲದೆ ನಿಂತಿದ್ದರು.

ಮರುದಿನವೇ ಪ್ಲಾಟ್‌ಫಾರಮ್ಮನ್ನು ಚಾಕುವಿನಿಂದ ಎಬ್ಬಿಸಿ ತೆಗೆದೆ. ಮಣ್ಣು ಜರಡಿ ಹಿಡಿದು ಅಂಟಿಸಿದೆ. ತಾತನ ಕೈಯಿಂದ ಕೊಡೆ ಕಿತ್ತು, ತಂತಿಯ ತೋಳುಗಳನ್ನು ಮೇಲಕ್ಕೆ ಬಾಗಿಸಿದೆ. ಬಣ್ಣ ಬಳಿಯಲು ಕೂರಲಿಲ್ಲ. ಆ ಭಾನುವಾರವೇ ಅಕ್ಕನನ್ನು ಕರೆತಂದೆ.

ನನ್ನ ಹೆಂಡತಿ ಗೂಡ್ಸ್ ಶೆಡ್ಡನ್ನು ಎತ್ತಿ ಫ್ರಿಜ್ಜಿನ ಮೇಲಿಟ್ಟು, ಆ ಜಾಗದಲ್ಲಿ ಅಕ್ಕನಿಗೆ ತಟ್ಟೆ ಹಾಕಿದಳು. ಎರಡು ವರ್ಷದ ಮೇಲೆ ಆ ಮೇಜಿನಲ್ಲಿ ಒಬ್ಬರಿಗೆ ಊಟ. ಅನ್ನ ಕಲಸುವ ಮೊದಲು ಅಕ್ಕ ರೈಲನ್ನು ತಡವಿದಳು. ಅವಳ ತೋರುಬೆರಳು ಬಾಗಿಲಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಕೆಳಗೆ ಇಳಿದು, ನೆಲ ಸಿಗದೆ ಒಂದು ಕ್ಷಣ ತಡಕಾಡಿ, ತಾತನ ಕೈಗಳ ಮೇಲೆ ಕೂತಿತು.

“ಹಾಂ, ನಾನು ಇಳಿದೆ” ಅಂದಳು. “ನೀನೂ ಬಾರೋ.”