ಇಲ್ಲದವಳ ಹಾಜರಿ

ಮಕ್ಕಳು ಕಲಿಯದಿದ್ದರೆ ಅದು ಯಾರ ತಪ್ಪು ಎಂಬ ಮಾತು ಬಂದಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಸರ್ಕಾರ, ಇಲಾಖೆ, ತಂದೆ ತಾಯಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ನೀರು ಕುಡಿಯುವ ನೆಪ ಮಾಡಿ ಒಳಗೆ ಎದ್ದು ಹೋಗುತ್ತೇನೆ.

ಎಪ್ಪತ್ತರ ದಶಕದ ಮಾತು. ತಂಬ್ರಹಳ್ಳಿಯಲ್ಲಿ ಬಸ್ಸಿಳಿದು ಒಂದೂವರೆ ಗಂಟೆ ನಡೆದರೆ ಸಿಗುವ ಊರಿನಲ್ಲಿ ನನಗೆ ಮೊದಲ ನೌಕರಿ. ಒಂದೇ ಕೋಣೆ, ನಾಲ್ಕು ಕ್ಲಾಸು. ಕಲಿಸಲು ಹೆಡ್‌ಮಾಸ್ತರರು ಮತ್ತು ನಾನು. ಅವರು ಆ ಗೋಡೆಯ ಬಳಿ ಮಗ್ಗಿ ಹೇಳಿಸಿದರೆ ನಾನು ಈ ಗೋಡೆಯ ಬಳಿ ಅಕ್ಷರ ಹೇಳಿಸಬೇಕು. ಎರಡರ ಗದ್ದಲದಲ್ಲಿ ಯಾರ ತಲೆಗೂ ಏನೂ ಹೋಗುತ್ತಿರಲಿಲ್ಲ. ಇನ್ನೊಂದು ಕೋಣೆ ಕೊಡಿ ಎಂದು ಬರೆದ ಅರ್ಜಿಗೆ ಉತ್ತರವೇ ಇಲ್ಲ. ಮಕ್ಕಳ ಸಂಖ್ಯೆ ಕಳಿಸಿ ಎಂಬ ಕಾಗದ ಮಾತ್ರ ತಪ್ಪದೆ ಬರುತ್ತಿತ್ತು.

ಊರಲ್ಲಿ ಅರ್ಧದಷ್ಟು ಮನೆ ಕುರಿಯವರದು. ದೀಪಾವಳಿ ಮುಗಿದದ್ದೇ ಹಿಂಡು ಹೊಡೆದುಕೊಂಡು, ಹೊಳೆ ದಾಟಿ, ಭತ್ತದ ಸೀಮೆಗೆ ಹೋದರೆ ಅವರು ತಿರುಗಿ ಬರುವುದು ಮುಂಗಾರಿಗೆ. ಮಕ್ಕಳೂ ಜೊತೆಗೇ. ಹಾಜರಿ ಇಳಿದರೆ ಒಂದು ಹುದ್ದೆ ಹೋಗುತ್ತದೆ, ಹೋಗುವುದು ನಿಮ್ಮದೇ ಎಂದು ಹೆಡ್‌ಮಾಸ್ತರರು ಹೇಳಿದ್ದರು. ಹೋದವರಿಗೂ ದಿನಾ ಹಾಜರಿ ಹಾಕಿದೆ. ಆ ತಿಂಗಳುಗಳಲ್ಲಿ ತಪಾಸಣೆಗೆಂದು ಆ ದಾರಿ ತುಳಿಯುವ ಸಾಹೇಬರು ಯಾರೂ ಇರಲಿಲ್ಲ. ಹೆಸರು ಹೊಡೆದುಹಾಕಿದರೆ ಮಕ್ಕಳು ಶಾಲೆಯ ಕಡೆ ಮತ್ತೆ ತಲೆ ಹಾಕಲಾರರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ವರ್ಷದ ಕೊನೆಗೆ ಎಲ್ಲರನ್ನೂ ಪಾಸು ಮಾಡಿದೆ.

ಹಾಗೆ ಪಾಸಾಗುತ್ತ ಬಂದ ಒಬ್ಬ ಹುಡುಗಿಯನ್ನು ಐದನೆಯ ವರ್ಷದ ಜೂನ್‌ನಲ್ಲಿ ಅವಳಪ್ಪ ಕರೆತಂದ. ಊರಲ್ಲಿದ್ದಾಗಲೂ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದವಳು. ಈ ಸಲ ಹಿಂಡಿನ ಜೊತೆ ಹೋಗುವುದಿಲ್ಲ, ಓದುತ್ತೇನೆ ಎಂದು ಹಟ ಹಿಡಿದಿದ್ದಳಂತೆ. ಅಜ್ಜಿಯ ಹತ್ತಿರ ಬಿಡಲು ಅಪ್ಪ ಒಪ್ಪಿದ್ದ. ತನಗೆ ಅಕ್ಷರ ಬಾರದು, ಒಂದನೇ ಕ್ಲಾಸಿನಲ್ಲಿ ಕೂರಿಸಿ ಎಂದು ಅವಳೇ ಕೇಳಿದಳು. ಹೆಡ್‌ಮಾಸ್ತರರು ದಾಖಲೆಯ ಪುಸ್ತಕ ತೆರೆದು ತೋರಿಸಿದರು. ನಾಲ್ಕನೆಯದು ಪಾಸಾದವಳನ್ನು ಒಂದನೆಯದಕ್ಕೆ ಸೇರಿಸಲು ಬರುವುದಿಲ್ಲ.

“ಪಾಸಾಗ್ಯಾಳ ಅಂತ ಬರದೀರಿ,” ಎಂದ ಅಪ್ಪ. “ಹಂಗಾದ್ರ ಓದಾಕ ಬರಬೇಕಲ್ರಿ?”

ಅವಳು ಇಲ್ಲದ ದಿನವೂ ಹಾಜರಿ ಹಾಕಿದವಳು ನಾನೇ ಎಂದು ಹೇಳಿಬಿಟ್ಟೆ. ಅವನು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಹೆಡ್‌ಮಾಸ್ತರರೊಡನೆ ಜಗಳವಾಡಿ, ಪುಸ್ತಕದಲ್ಲಿ ಹೆಸರಿಲ್ಲದೆಯೇ ಅವಳನ್ನು ಒಂದನೇ ಕ್ಲಾಸಿನ ಸಾಲಿನಲ್ಲಿ ಕೂರಿಸಿಕೊಂಡೆ.

ಚಿಕ್ಕವರ ನಡುವೆ ಮೊಣಕಾಲು ಮಡಚಿ ಕೂತು, ತಲೆಯೆತ್ತದೆ ಪಾಟಿಯ ಮೇಲೆ ತಿದ್ದುತ್ತಿದ್ದಳು. ಎರಡೇ ತಿಂಗಳಲ್ಲಿ ಒತ್ತಕ್ಷರಕ್ಕೆ ಬಂದಳು. ನನಗೆ ಹಿಗ್ಗೋ ಹಿಗ್ಗು. ಹಾಗಾದರೆ ನಾಲ್ಕು ವರ್ಷ ಏನು ಕಡಿದು ಕಟ್ಟೆ ಹಾಕಿದೆ ಎಂದು ನನ್ನ ಮೇಲೆಯೇ ಸಿಟ್ಟೂ ಬಂತು.

ಶ್ರಾವಣದಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಬರುವ ಸುದ್ದಿ ಬಂತು. ತಲೆ ಎಣಿಸಿ ಪುಸ್ತಕಕ್ಕೆ ತಾಳೆ ನೋಡುವವರು. ಒಂದು ತಲೆ ಹೆಚ್ಚಾದರೆ ಇದು ಯಾರು ಎನ್ನುತ್ತಾರೆ. ಆಗ ಹಳೆಯ ಹಾಜರಿಯೆಲ್ಲ ಬಯಲಿಗೆ ಬೀಳುತ್ತದೆ. ಹೆಡ್‌ಮಾಸ್ತರರು ನನ್ನ ಮುಖ ನೋಡಿದರು. ನನ್ನ ನೌಕರಿಯನ್ನೇ ನಂಬಿಕೊಂಡು ಅವ್ವ ಊರಲ್ಲಿದ್ದಳು.

ಜೀಪಿನ ಸದ್ದು ಕೇಳಿದಾಗ ಅವಳ ಬಳಿ ಹೋಗಿ, ಇವತ್ತೊಂದು ದಿನ ಮನೆಗೆ ಹೋಗು ಎಂದೆ. ಅವಳು ಏಳಲಿಲ್ಲ.

“ನಾನು ಇಲ್ದಾಗ ಅದಾಳ ಅಂತ ಬರಕೊಂಡ್ರಿ,” ಎಂದಳು. “ಈಗ ಅದೀನಲ್ರಿ, ಟೀಚರ್.”

ತೋಳು ಹಿಡಿದು ಎಬ್ಬಿಸಿ ಹೊರಗೆ ಕಳಿಸಿದೆ. ಅವಳು ಮತ್ತೆ ಬರಲಿಲ್ಲ. ದೀಪಾವಳಿ ಮುಗಿದ ಮೇಲೆ ಹಿಂಡಿನ ಜೊತೆ ಹೋದಳು. ಅಂದು ಸಾಹೇಬರು ಸಾಲುಸಾಲಾಗಿ ತಲೆ ಎಣಿಸಿ, ಲೆಕ್ಕ ಸರಿಯಾಗಿದೆ ಎಂದು ಪುಸ್ತಕದಲ್ಲಿ ಸಹಿ ಹಾಕಿದರು.