ನಮ್ಮ ಮಾಳಿಗೆಯ ಕಂಬ

ಹರಪನಹಳ್ಳಿಯಿಂದ ಕೊಟ್ಟೂರಿಗೆ ನಾನು ಸೊಸೆಯಾಗಿ ಬಂದ ವರ್ಷವೇ ನನ್ನ ಗಂಡ ಮಾಳಿಗೆಯ ಮೇಲೆ ಆ ಕಂಬ ನಿಲ್ಲಿಸಿದ್ದು. ಅವರದು ರೇಡಿಯೋ ರಿಪೇರಿ ಅಂಗಡಿ. ಬೋರಿನ ಹಳೆಯ ಪೈಪುಗಳನ್ನು ಒಂದರ ಮೇಲೊಂದು ಬೆಸೆಸಿ, ತುದಿಗೆ ಅಲ್ಯೂಮಿನಿಯಂ ಕಡ್ಡಿಗಳ ಅಂಟೆನಾ ಕಟ್ಟಿ, ಸುತ್ತ ತಂತಿ ಎಳೆದು ಬಿಗಿದಿದ್ದರು. ಟಿವಿ ಟವರ್ ಇದ್ದದ್ದು ದೂರದ ಶಹರದಲ್ಲಿ. ಗಿಡ್ಡ ಕಂಬ ಹಾಕಿದವರ ಪೆಟ್ಟಿಗೆಯಲ್ಲಿ ಬರೀ ರವೆ ಉದುರಿದ ಹಾಗೆ ಚುಕ್ಕಿ. ನಮ್ಮ ಕಂಬಕ್ಕೆ ಸಿಕ್ಕ ಚಿತ್ರಕ್ಕೆ ಮನೆಯೊಳಗಿನ ಬೂಸ್ಟರ್ ಡಬ್ಬಿ ಬಲ ಕೊಡುತ್ತಿತ್ತು. ಅಲ್ಲಿಂದ ವೈರು ಮಾಳಿಗೆಯಿಂದ ಮಾಳಿಗೆಗೆ ಹಾಯ್ದು ಓಣಿಯ ಎಲ್ಲ ಟಿವಿಗಳಿಗೂ ಇಳಿದಿತ್ತು. ಗಾಳಿಗೆ ಕಂಬ ತಿರುಗಿತೆಂದರೆ ಒಬ್ಬರು ಮೇಲೆ ಹತ್ತಿ "ಬಂತಾ?" ಎಂದು ಕೂಗಬೇಕು, ಓಣಿಯೆಲ್ಲ ಬೀದಿಗೆ ಬಂದು "ಬಂತು, ಬಂತು... ಹೋತು!" ಅನ್ನಬೇಕು. ಅದೊಂದು ರೂಢಿಯೇ ಆಗಿಹೋಗಿತ್ತು.

ಎದುರುಮನೆಯವನಿಗೆ ಸರ್ಕಾರಿ ನೌಕರಿ, ಮೈಮೇಲೆ ಯಾವಾಗಲೂ ಇಸ್ತ್ರಿ ಅಂಗಿ. ಹೆಂಡತಿ ಗುಡೇಕೋಟೆ ಕಡೆಯವಳು. ಅವಳಿಗೆ ಹೊಡೆಯುವ ಮೊದಲು ಅವನು ಟಿವಿ ಸದ್ದು ಏರಿಸುತ್ತಿದ್ದ. ನನ್ನ ಗಂಡ ಬಿಸಿಲಲ್ಲಿ ಬೆಂದು ತಂದ ಚಿತ್ರ ಆ ಹಲ್ಕಾನ ಏಟುಗಳ ಸದ್ದು ಮುಚ್ಚುವ ಪರದೆಯಾಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ನನ್ನ ಅತ್ತೆ ಹೋಗಿ ಬಾಗಿಲು ಬಡಿದರೆ, "ನಿಮ್ಮ ಮನಿ ನೀವು ನೋಡ್ಕೊಳ್ರಿ" ಎಂದು ಮುಖಕ್ಕೇ ಕದ ಹಾಕಿದ. ಓಣಿಯ ಗಂಡಸರನ್ನು ಕರೆದರೆ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಹೇಳಿದರು. ಉಂಡು ಮಲಗಿ ಎದ್ದ ಮೇಲೂ ಅವಳ ಮುಂಗೈ ಮುರಿದೇ ಇತ್ತು.

ಒಂದು ಭಾನುವಾರ ಸಂಜೆ ಸಿನಿಮಾ ಶುರುವಾಗಿತ್ತು. ನನ್ನ ಗಂಡ ಹಗರಿಬೊಮ್ಮನಹಳ್ಳಿಗೆ ಹೋಗಿದ್ದರು. ಎದುರುಮನೆಯ ಸದ್ದು ಏರಿತು. ಹಾಡಿನ ನಡುವೆ ಧಡ್, ಧಡ್ ಎಂದು ಏನೋ ಗೋಡೆಗೆ ಬಡಿಯುತ್ತಿತ್ತು. ಅದು ಅವಳ ತಲೆ.

"ಇವತ್ತು ಕೊಂದೇ ಬಿಡ್ತಾನ," ಎಂದವರೇ ಅತ್ತೆ ಬೂಸ್ಟರಿನ ವೈರು ಕಿತ್ತರು.

"ಅದನ್ಯಾಕ ಕೀಳ್ತೀರಿ ಅತ್ತಿ?"

"ಹೆಂಗಸು ಸತ್ರೂ ಬರಂಗಿಲ್ಲ ಇವ್ರು. ಚಿತ್ರ ಹೋದ್ರ ಓಡಿ ಬರ್ತಾರ, ನೋಡ್ತಿರು."

ಬಂದರು. ತಾಟು ಹಿಡಿದವರು, ಕೂಸು ಎತ್ತಿಕೊಂಡವರು, ಬರೀ ಬನೀನಿನವರು. ಮಿಕ್ಕವರೆಲ್ಲ ಟಿವಿ ಆರಿಸಿ ಬಂದಿದ್ದರು. ಅವನ ಮನೆಯ ಪೆಟ್ಟಿಗೆ ಮಾತ್ರ ಸೊರ್ರೆನ್ನುತ್ತಿತ್ತು, ಅದನ್ನು ಮೀರಿ ಅವಳ ಚೀರಾಟ. ಎಲ್ಲರಿಗೂ ಕೇಳಿತು. "ಒಳಗ ಹೋಗ್ರಲೇ, ಗಂಡಸರಲ್ಲೇನು ನೀವು!" ಎಂದು ಅತ್ತೆ ಒದರಿದರು. ಒಬ್ಬನೂ ಹೊಸ್ತಿಲು ದಾಟಲಿಲ್ಲ.

ಅವನೇ ಹೊರಗೆ ಬಂದ, ಕೈಯಲ್ಲಿ ಬೆಲ್ಟು. ಅತ್ತೆಯ ಕೈಯಲ್ಲಿ ಇನ್ನೂ ವೈರಿನ ತುದಿ ಇತ್ತು. "ಏನ ಮುದುಕಿ, ಕಿತ್ತಾಕಿ ನೀನ ಏನು?" ಎಂದು ಅವರನ್ನು ನೂಕಿ ಕೆಡವಿದ. ಆಗಲೂ ಯಾರೂ ಮಿಸುಕಲಿಲ್ಲ. ನಮ್ಮ ಸೌದೆ ಸೀಳುವ ಕೊಡಲಿ ಎತ್ತಿಕೊಂಡು ಮಾಳಿಗೆ ಹತ್ತಿದವನು ಕಂಬದ ತಂತಿಗಳನ್ನು ಕಡಿದ. ಕಂಬ ವಾಲಿ, ಓಣಿಗೆ ಅಡ್ಡಲಾಗಿ ಬಿತ್ತು. ಅಂಟೆನಾ ಸೊಟ್ಟಗಾಯಿತು.

ಆಗ ನೋಡಬೇಕಿತ್ತು ಓಣಿಯ ಗಂಡಸ್ತನ! ಅವನನ್ನು ಮೆಟ್ಟಿಲ ಮೇಲಿಂದ ಕಾಲು ಹಿಡಿದು ಎಳೆದರು. ಬೆಲ್ಟು ಕಸಿದು ಅದರಿಂದಲೇ ಬಾರಿಸಿದರು. "ಕಂಬ ಕೆಡವ್ತೀಯೇನಲೇ, ಕಂಬ ಕೆಡವ್ತೀಯಾ?" ಎನ್ನುತ್ತ ಒದ್ದರು. ಹಲ್ಲು ಉದುರಿತು. ಇಸ್ತ್ರಿ ಅಂಗಿ ರಕ್ತದಲ್ಲಿ ತೊಯ್ದು, ಅವನು ಚರಂಡಿಯ ಪಕ್ಕ ಬಿದ್ದು ಹೊರಳಿದ. ಸುಳ್ಳೇಕೆ, ನನಗೆ ಖುಷಿಯಾಯಿತು. ಸ್ವಲ್ಪ ಹೊತ್ತಿಗೆ ಆ ಕೈಗಳನ್ನು ನೋಡಿ ಹೇಸಿಗೆಯಾಯಿತು. ಅಷ್ಟು ಬಲ ಅವಕ್ಕೆ ಮೊದಲೂ ಇತ್ತಲ್ಲ.

ಅವಳು ಬಾಗಿಲಿಗೆ ಬಂದು ನಿಂತಿದ್ದಳು. ಹಣೆಯಿಂದ ಇಳಿದ ರಕ್ತ ಒಂದು ಕಣ್ಣು ಮುಚ್ಚಿತ್ತು. ಅತ್ತೆ ಎದ್ದು ಹೋಗಿ ಸೆರಗಿನಿಂದ ಅವಳ ಗಾಯ ಒತ್ತಿ ಹಿಡಿದರು. ಇನ್ನೊಂದು ಕಣ್ಣಿನಲ್ಲಿ ಅವಳು ಆ ಹೊಡೆದಾಟವನ್ನೇ ನೋಡುತ್ತ ಕೇಳಿದಳು.

"ಯಮ್ಮಾ, ನನ್ನ ಸಲುವಾಗಿ ಹೊಡಿಯಾಕತ್ತಾರೇನು?"

ಅತ್ತೆ ನನ್ನ ಮುಖ ನೋಡಿದರು. ಆಮೇಲೆ, "ಹೌದವ್ವಾ, ನಿನ್ನ ಸಲುವಾಗೇ," ಅಂದರು.

ಅಷ್ಟರಲ್ಲಿ ಯಾರೋ ಸೊಟ್ಟಗಾದ ಅಂಟೆನಾವನ್ನು ಬಿದಿರಿನ ಗಳಕ್ಕೆ ಕಟ್ಟಿ, ನಮ್ಮ ಮಾಳಿಗೆ ಹತ್ತಿ ಕೂಗಿದರು.

"ಬಂತಾ?"